ಸದನದ ಮಾತು, ಅಂಗಡಿಯ ಮೆಟ್ಟಿಲು

ಸಂಸತ್ತಿನಲ್ಲಿ ಸದಸ್ಯರೊಬ್ಬರು ಎದ್ದು ನಿಂತು ವಿಕಲಚೇತನರ ಪರವಾಗಿ ಮಾತನಾಡಿದರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮ ವರ್ತಕ ಬಾಂಧವರಲ್ಲಿ ಬಹುಮಂದಿ ಅದನ್ನು ಓದಿ, ‘ಒಳ್ಳೆಯ ಕೆಲಸ’ ಎಂದು ತಲೆದೂಗಿ, ಪೇಟೆ ಧಾರಣೆಯ ಪುಟವನ್ನು ತೆರೆಯುತ್ತಾರೆ. ಈ ಲೇಖಕನೂ ಅನೇಕ ವರ್ಷ ಹಾಗೆಯೇ ಮಾಡಿದವನು. ಅಂಥ ಸುದ್ದಿ ದಾನಧರ್ಮದ ವಿಭಾಗಕ್ಕೆ ಸೇರಿದ್ದೆಂದು ನಮ್ಮ ಎಣಿಕೆ. ಚನ್ನಗಿರಿಯಲ್ಲಿಯೋ ಹೊನ್ನಾಳಿಯಲ್ಲಿಯೋ ತ್ರಿಚಕ್ರ ವಾಹನ ವಿತರಣೆಯ ಸಮಾರಂಭ ನಡೆದರೆ ಶಾಮಿಯಾನದ ಖರ್ಚನ್ನೋ ಮಧ್ಯಾಹ್ನದ ಊಟವನ್ನೋ ನಮ್ಮವರೇ ವಹಿಸಿಕೊಳ್ಳುವುದುಂಟು, ಅದು ಸ್ತುತ್ಯವೇ. ಆದರೆ ಸದನದಲ್ಲಿ ಆಡಿದ ಮಾತು ಶಾಸನವಾಗಿ ಹೊರಬಂದ ಮೇಲೆ ಅದು ಬಂದು ನಿಲ್ಲುವುದು ನಮ್ಮ ಅಂಗಡಿಯ ಬಾಗಿಲಲ್ಲಿ, ನಮ್ಮ ಹಾಜರಿ ಪುಸ್ತಕದಲ್ಲಿ, ನಮ್ಮ ಲೆಕ್ಕದ ಖಾತೆಯಲ್ಲಿ. ಇದನ್ನು ಸದಸ್ಯರ ಗಮನಕ್ಕೆ ತರುವುದಕ್ಕಾಗಿಯೇ ಈ ಲೇಖನ.

ಸದನದಲ್ಲಿ ಆಡುವ ಮಾತಿನ ಬೆಲೆಯನ್ನು ನಮ್ಮ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಆಯ್ಕೆಯಾಗಿ ಹೋಗಿ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದ ಮೊದಲಿಗರೆನಿಸಿದರು. ಅವರೇ ಮುಖ್ಯಮಂತ್ರಿಗಳಾಗಿದ್ದಾಗ 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಯಿತು. ಶಿವಮೊಗ್ಗದಿಂದ ಚನ್ನಗಿರಿ ಮತ್ತು ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು ಇದಕ್ಕೆ ಬಂದು ಸೇರಿದವು. ಅನಂತರ ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಈ ನಾಲ್ಕೂ ತಾಲ್ಲೂಕುಗಳು ಇಂದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. 2024ರಲ್ಲಿ ಇಲ್ಲಿಂದ ಆಯ್ಕೆಯಾದ ಡಾ. ಪ್ರಭಾ ಮಲ್ಲಿಕಾರ್ಜುನ್ ಅವರು ವೃತ್ತಿಯಿಂದ ದಂತವೈದ್ಯರು. ಅವರ ಕೈಗೆ ನಮ್ಮ ಸಂಘವು ಎಂಥ ಕಾಗದವನ್ನು ಕೊಡಬೇಕು ಎಂಬ ವಿಚಾರಕ್ಕೆ ಮುಂದೆ ಬರುತ್ತೇನೆ.

ಮೊದಲು ಶಾಸನದ ಕಥೆ. ವಿಕಲಚೇತನರಿಗಾಗಿ ಪ್ರತ್ಯೇಕವಾದ ಮೊದಲ ಸಮಗ್ರ ಕಾಯ್ದೆ 1995ರದ್ದು. ಅದು ಗುರುತಿಸಿದ ವೈಕಲ್ಯಗಳು ಏಳು. ಅದರ ಬದಲಿಗೆ ಹೊಸ ಮಸೂದೆಯನ್ನು 2014ರ ಫೆಬ್ರುವರಿ 7ರಂದು ರಾಜ್ಯಸಭೆಯಲ್ಲಿ ಮಂಡಿಸಿದವರು ಆಗ ಸಾಮಾಜಿಕ ನ್ಯಾಯ ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು. ಸರ್ಕಾರ ಬದಲಾಯಿತು, ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಬಂದಿತು, ಕಡೆಗೆ ಅದನ್ನು ಅಂಗೀಕಾರದ ದಡ ಮುಟ್ಟಿಸಿದವರು ಥಾವರ್ ಚಂದ್ ಗೆಹ್ಲೋಟ್ ಅವರು. 2021ರಲ್ಲಿ ಅವರು ನಮ್ಮ ರಾಜ್ಯಕ್ಕೇ ರಾಜ್ಯಪಾಲರಾಗಿ ಬಂದರು. ಒಂದು ಪಕ್ಷದವರು ಮಂಡಿಸಿದ್ದನ್ನು ಇನ್ನೊಂದು ಪಕ್ಷದವರು ಪೂರೈಸಿದ ಉದಾಹರಣೆಗಳು ನಮ್ಮಲ್ಲಿ ಹೆಚ್ಚಿಲ್ಲವಾದ್ದರಿಂದ ಇದನ್ನು ವಿಶೇಷವಾಗಿ ನೆನೆಯಬೇಕು.

ಅಂಗೀಕಾರವಾದ ದಿನಗಳನ್ನು ವರ್ತಕರಾದ ನಾವು ಮರೆಯುವಂತಿಲ್ಲ. ರಾಜ್ಯಸಭೆಯಲ್ಲಿ 2016ರ ಡಿಸೆಂಬರ್ 14, ಲೋಕಸಭೆಯಲ್ಲಿ ಡಿಸೆಂಬರ್ 16. ನೋಟು ರದ್ದತಿಯಾಗಿ ಐದಾರು ವಾರ ಕಳೆದಿದ್ದ ಸಮಯ. ನಾವೆಲ್ಲ ಬ್ಯಾಂಕುಗಳ ಸರದಿಯಲ್ಲಿ ನಿಂತು ಕೂಲಿಗೆ ಚಿಲ್ಲರೆ ಹೊಂದಿಸುತ್ತಿದ್ದೆವು. ಸಂಸತ್ತಿನ ಚಳಿಗಾಲದ ಅಧಿವೇಶನ ಅದೇ ಗದ್ದಲದಲ್ಲಿ ಬಹುಪಾಲು ಕೊಚ್ಚಿಹೋಗಿತ್ತು. ಅಂಥ ಅಧಿವೇಶನದ ಕಡೆಯ ಮೂರು ದಿನಗಳಲ್ಲಿ ಎರಡೂ ಸದನಗಳು ಗಲಾಟೆಯನ್ನು ಬದಿಗಿರಿಸಿ ಈ ಮಸೂದೆಗೆ ಒಮ್ಮತದ ಒಪ್ಪಿಗೆ ನೀಡಿದವು. ಕಾಯ್ದೆಯು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಏಳರಷ್ಟಿದ್ದ ವೈಕಲ್ಯಗಳು ಇಪ್ಪತ್ತೊಂದಾದವು. ಸರ್ಕಾರಿ ನೌಕರಿಯಲ್ಲಿ ಶೇಕಡಾ 3 ಇದ್ದ ಮೀಸಲಾತಿ 4 ಆಯಿತು. ಮೂಲ ಮಸೂದೆಯಲ್ಲಿ ಶೇಕಡಾ 5 ಎಂದಿತ್ತು. ಹಾಗೆಯೇ ಮೂಲದಲ್ಲಿ ಉಲ್ಲಂಘನೆಗೆ ಸೆರೆವಾಸದ ಶಿಕ್ಷೆಯೂ ಇತ್ತು. ಅದನ್ನು ತೆಗೆದು, ಮೊದಲ ತಪ್ಪಿಗೆ ರೂ. 10,000ದವರೆಗೆ, ಮುಂದಿನವಕ್ಕೆ ರೂ. 50,000ದಿಂದ 5 ಲಕ್ಷದವರೆಗೆ ದಂಡ ಎಂದು ಇಳಿಸಲಾಯಿತು.

‘ದಂಡ ನಮಗೂ ಉಂಟೇ?’ ಎಂದು ಕೇಳುವ ಸದಸ್ಯರಿದ್ದಾರೆ. ಉಂಟು. ನೌಕರಿಯಲ್ಲಿ ಭೇದ ಮಾಡಬಾರದೆಂಬ 20ನೆಯ ಕಲಂ ಸರ್ಕಾರಿ ಸಂಸ್ಥೆಗಳನ್ನು ಕುರಿತದ್ದು, ನಿಜ. ಆದರೆ 21ನೆಯ ಕಲಮಿನ ಸಮಾನ ಅವಕಾಶ ನೀತಿಯನ್ನು ಖಾಸಗಿ ಸಂಸ್ಥೆಯೂ ಪ್ರಕಟಿಸತಕ್ಕದ್ದು. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿದ್ದರೆ ನೀತಿಯಲ್ಲಿ ಏನೇನು ವಿವರಗಳಿರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಸಂಪರ್ಕಾಧಿಕಾರಿಯೊಬ್ಬರನ್ನು ಗೊತ್ತುಪಡಿಸುವುದೂ ಅವುಗಳಲ್ಲೊಂದು. ಖಾಸಗಿ ಸಂಸ್ಥೆಯೆಂದರೆ ದೊಡ್ಡ ಕಂಪನಿ ಮಾತ್ರವಲ್ಲ. ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಕಾರ್ಖಾನೆ ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಇನ್ನು ‘ಸಾರ್ವಜನಿಕ ಕಟ್ಟಡ’ ಎಂಬ ಪದದ ವ್ಯಾಖ್ಯೆಯನ್ನು ಓದಿದರೆ, ಸಾರ್ವಜನಿಕರು ಬಂದು ಹೋಗುವ ಖಾಸಗಿ ಕಟ್ಟಡ, ಕೆಲಸದ ಸ್ಥಳ, ವಾಣಿಜ್ಯ ಚಟುವಟಿಕೆಯ ಸ್ಥಳ, ಇವೆಲ್ಲ ಅದರಲ್ಲಿವೆ. ಹಳೆಯ ಕಟ್ಟಡಗಳನ್ನು ಸರಿಪಡಿಸಿಕೊಳ್ಳಲು ಕಾಯ್ದೆ ಕೊಟ್ಟ ಐದು ವರ್ಷಗಳ ಅವಧಿ ಕಳೆದು ಹೋಗಿದೆ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರಾತುರಿ ಪ್ರಕರಣದಲ್ಲಿ, ಈ ಮಾನದಂಡಗಳನ್ನು ಬರೀ ಮಾರ್ಗಸೂಚಿಯ ರೂಪದಲ್ಲಿ ಇರಿಸಿದ್ದ ನಿಯಮವು ಮೂಲ ಕಾಯ್ದೆಗೆ ವಿರುದ್ಧವೆಂದು ಸಾರಿ, ಕಡ್ಡಾಯ ನಿಯಮಗಳನ್ನು ರೂಪಿಸಬೇಕೆಂದು ಕೇಂದ್ರಕ್ಕೆ ಆದೇಶಿಸಿತು. ಆ ಅರ್ಜಿ ದಾಖಲಾದದ್ದು 2005ರಲ್ಲಿ.

ಇಷ್ಟನ್ನು ಬರೆಯುವ ನಾನು ಯಾವ ಕಟ್ಟಡದಲ್ಲಿ ಕುಳಿತು ಬರೆಯುತ್ತಿದ್ದೇನೆ ಎಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿದೂಗುವುದಿಲ್ಲ. ನನ್ನ ಕಚೇರಿ ಹಳೆಯ ಕಟ್ಟಡವೊಂದರ ಮೊದಲನೆಯ ಮಹಡಿಯಲ್ಲಿದೆ. ಇಪ್ಪತ್ತೊಂದು ಮೆಟ್ಟಿಲು, ಲಿಫ್ಟ್ ಇಲ್ಲ, ಹಿಡಿಯಲು ಕಟಕಟೆ ಒಂದೇ ಪಕ್ಕಕ್ಕೆ. ಜಗಳೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಕಕ್ಷಿದಾರರೊಬ್ಬರು ನನಗೆ ಬಹಳ ಹಳಬರು. ಕೊಳವೆಬಾವಿಯನ್ನೇ ನಂಬಿದ ಸೀಮೆಯಾದ್ದರಿಂದ ಸುಟ್ಟ ಮೋಟಾರುಗಳಿಗೆ ಅಲ್ಲಿ ಬರವಿಲ್ಲ. ವ್ಯಾಪಾರ ಚೆನ್ನಾಗಿಯೇ ಇದೆ. ಅವರಿಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗಾಲಿಗೆ ಕ್ಯಾಲಿಪರ್. ಹನ್ನೊಂದು ವರ್ಷ ಅವರು ಬಸ್ಸಿನಲ್ಲಿ ಐವತ್ತು ಕಿಲೋಮೀಟರಿನ ಆಸುಪಾಸು ಬಂದು, ಬಿಲ್ಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಆ ಇಪ್ಪತ್ತೊಂದು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನನ್ನ ಎದುರಿಗೆ ಕುಳಿತಿದ್ದಾರೆ. ನಾನು ನೀರು ಕೊಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಹೊಳೆಯಲಿಲ್ಲ. ಹನ್ನೆರಡನೆಯ ವರ್ಷ ಚೀಲ ಹೊತ್ತು ಬಂದವನು ಅವರ ಮಗ. ಫೋನು ಮಾಡಿ ವಿಚಾರಿಸಿದರೆ, ‘ಮೆಟ್ಲು ಹತ್ತೋಕಾಗಲ್ಲ ಆಡಿಟರೇ, ವಯಸ್ಸಾತು’ ಎಂದು ನಕ್ಕರು.

ನಾಚಿಕೆ ಇನ್ನೂ ಮುಂದಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಯು ಕಲಮಿನ ಪ್ರಕಾರ ಶೇಕಡಾ 40 ಅಥವಾ ಅದಕ್ಕೂ ಮೇಲ್ಪಟ್ಟ ವೈಕಲ್ಯವಿರುವ ತೆರಿಗೆದಾರರಿಗೆ ರೂ. 75,000ದ ಕಡಿತವುಂಟು, ಶೇಕಡಾ 80 ದಾಟಿದರೆ ರೂ. 1,25,000. ಮನೆಯಲ್ಲಿ ಅವಲಂಬಿತರಿದ್ದರೆ 80ಡಿಡಿ ಕಲಮಿನಲ್ಲಿ ಇಷ್ಟೇ ಮೊತ್ತ. ಕಣ್ಣೆದುರಿಗೇ ಕುಂಟುತ್ತ ಬಂದವರ ವಿವರಪಟ್ಟಿಯಲ್ಲಿ ನಾನು ಆ ಕಡಿತವನ್ನು ಒಂದು ವರ್ಷವೂ ಕೇಳಿರಲಿಲ್ಲ. ಪ್ರಮಾಣಪತ್ರವುಂಟೇ ಎಂದು ವಿಚಾರಿಸಲು ಸಂಕೋಚ. ಪ್ರಮಾಣಪತ್ರ ಇದ್ದೇ ಇತ್ತು. ರಿಯಾಯಿತಿ ಬಸ್ ಪಾಸಿಗಾಗಿ ಎಂದೋ ಮಾಡಿಸಿಟ್ಟದ್ದು. ಹಳೆಯ ವರ್ಷಗಳ ವಿವರಪಟ್ಟಿಗಳನ್ನು ತಿದ್ದುವ ಅವಧಿ ಮುಗಿದಿತ್ತು. ಅಷ್ಟು ಹಣ ಅವರಿಗೆ ನಷ್ಟವಾದದ್ದು ಸರ್ಕಾರದ ತಪ್ಪಿನಿಂದಲ್ಲ. ಈಗ ಕೆಳ ಅಂತಸ್ತಿನಲ್ಲಿ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಪಡೆದು ಮೇಜು ಹಾಕಿಸಿದ್ದೇನೆ. ಅಲ್ಲಿಗೆ ಹೆಚ್ಚಾಗಿ ಬರುತ್ತಿರುವವರು ಮೊಣಕಾಲು ನೋವಿನ ಹಿರಿಯ ವರ್ತಕರು!

ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡರೆ ಮೇಲಿನ ಎರಡೂ ಕಡಿತಗಳು ದೊರೆಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುವಂಥದು. 2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ಅಂಗೀಕಾರವಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆಗಳೂ ಬೇರೆ. ವೈಕಲ್ಯದಿಂದ ಬರುವ ಹೆಚ್ಚುವರಿ ಖರ್ಚು ಮಾತ್ರ ತೆರಿಗೆ ಪದ್ಧತಿಯನ್ನು ನೋಡಿಕೊಂಡು ಕಡಿಮೆಯಾಗುವುದಿಲ್ಲ. ಕ್ಯಾಲಿಪರ್ ಸವೆದರೆ ಸವೆದದ್ದೇ. ಇದು ಸದನದಲ್ಲಿ ಕೇಳತಕ್ಕ ಪ್ರಶ್ನೆ.

ಇನ್ನು ಕೆಲಸ ಕೊಡುವ ವಿಚಾರ. ಚನ್ನಗಿರಿಯ ಅಡಿಕೆ ವರ್ತಕರೊಬ್ಬರೊಂದಿಗೆ ಈ ಮಾತು ಬಂದಾಗ ಅವರು ನೇರವಾಗಿಯೇ ಕೇಳಿದರು: ‘ಕಿವಿ ಕೇಳದವನು ಮಂಡಿಯಲ್ಲಿ ಏನು ಮಾಡ್ತಾನೆ ಆಡಿಟರೇ? ಕೂಗೋದೇ ಅಲ್ಲವೇ ನಮ್ಮ ವ್ಯಾಪಾರ?’ ನಾನು ಉತ್ತರ ಹೇಳಲಿಲ್ಲ. ಅವರ ಗೋದಾಮಿನ ಕಡೆಗೆ ನೋಡಿದೆ. ಅಲ್ಲಿ ಹತ್ತು ಹನ್ನೆರಡು ಮಂದಿ ಕುಳಿತು ಅಡಿಕೆ ಆರಿಸುತ್ತಿದ್ದರು. ಆ ಕೆಲಸಕ್ಕೆ ಬೇಕಾದದ್ದು ಕಣ್ಣು ಮತ್ತು ಕೈ. ತೂಕದ ಚೀಟಿ ಬರೆಯುವುದಕ್ಕೆ, ಗಣಕಯಂತ್ರದಲ್ಲಿ ಬಿಲ್ಲು ಏರಿಸುವುದಕ್ಕೆ ಕಾಲಿನ ಬಲ ಬೇಡ. ಹೊನ್ನಾಳಿ, ನ್ಯಾಮತಿಗಳ ಭತ್ತ, ಮೆಕ್ಕೆಜೋಳದ ವ್ಯಾಪಾರದಲ್ಲಿಯೂ ಮೂಟೆ ಹೊರುವ ಕೆಲಸವೊಂದನ್ನು ಬಿಟ್ಟರೆ ಉಳಿದವಕ್ಕೆ ಈ ಮಾತು ಅನ್ವಯಿಸುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಂದು ಕೇಳಿದರೆ ನೋಡೋಣ’ ಎಂದರು. ಬಂದು ಕೇಳುವುದಕ್ಕೆ ಅವರ ಅಂಗಡಿಯ ಕಟ್ಟೆ ನೆಲದಿಂದ ಮೂರಡಿ ಎತ್ತರದಲ್ಲಿದೆ.

ಆದರೆ ವರ್ತಕರ ಪರವಾಗಿಯೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಕಾಯ್ದೆಯ 35ನೆಯ ಕಲಮಿನಲ್ಲಿ, ಖಾಸಗಿ ಉದ್ಯೋಗದಾತರ ಬಳಿ ಕೆಲಸಗಾರರಲ್ಲಿ ಕನಿಷ್ಠ ಶೇಕಡಾ 5ರಷ್ಟು ವಿಕಲಚೇತನರಿರುವಂತಾಗಲು ಸರ್ಕಾರಗಳು ಪ್ರೋತ್ಸಾಹಧನ ನೀಡತಕ್ಕದ್ದೆಂದಿದೆ. ‘ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಜಾಣ ಷರತ್ತೂ ಜೊತೆಗಿದೆ. ಇದಕ್ಕೂ ಹಿಂದೆ, 2007-08ರ ಮುಂಗಡಪತ್ರದಲ್ಲಿ ಘೋಷಿಸಿ 2008ರ ಏಪ್ರಿಲ್‌ನಿಂದ ಜಾರಿಗೆ ತಂದ ಯೋಜನೆಯೊಂದಿತ್ತು. ತಿಂಗಳಿಗೆ ರೂ. 25,000ದವರೆಗೆ ಸಂಬಳ ಪಡೆಯುವ ವಿಕಲಚೇತನ ನೌಕರರ ಭವಿಷ್ಯನಿಧಿ ಮತ್ತು ಇಎಸ್‌ಐಗೆ ಮಾಲೀಕರು ಕಟ್ಟಬೇಕಾದ ವಂತಿಗೆಯನ್ನು ಮೂರು ವರ್ಷ ಸರ್ಕಾರವೇ ಭರಿಸುವುದೆಂದು ಅದರ ಸಾರ. ವರ್ಷಕ್ಕೆ ಒಂದು ಲಕ್ಷ ಉದ್ಯೋಗ ಅದರ ಗುರಿ, ರೂ. 1,800 ಕೋಟಿ ಅದಕ್ಕೆ ಅಂದಾಜು. ಆ ಗುರಿಯ ಹತ್ತಿರಕ್ಕೂ ಅದು ಹೋಗಲಿಲ್ಲ. ಕಾರಣ ನಮ್ಮ ಪೇಟೆ ಬೀದಿಯಲ್ಲಿ ನಿಂತರೆ ಕಾಣುತ್ತದೆ. ಭವಿಷ್ಯನಿಧಿ ಅನ್ವಯವಾಗುವುದು ಇಪ್ಪತ್ತು ಮಂದಿ ಇರುವಲ್ಲಿ, ಇಎಸ್‌ಐ ಹತ್ತು ಮಂದಿ ಇರುವಲ್ಲಿ. ಆರು ಜನರ ಅಡಿಕೆ ಮಂಡಿಗೂ ಇಬ್ಬರು ಹುಡುಗರ ರಿವೈಂಡಿಂಗ್ ಅಂಗಡಿಗೂ ಎರಡೂ ಇಲ್ಲ. ಕಟ್ಟದ ವಂತಿಗೆಯನ್ನು ಸರ್ಕಾರ ಭರಿಸುವುದೆಂತು?

ಹಾಗಾದರೆ ಆದಾಯ ತೆರಿಗೆಯಲ್ಲಿ ಹೆಚ್ಚುವರಿ ವೆಚ್ಚ ಕಡಿತ ಕೊಡಿ ಎಂದು ಕೇಳೋಣವೆನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಅದೂ ಫಲಿಸದು. ಸಣ್ಣ ವರ್ತಕರಲ್ಲಿ ಹೆಚ್ಚಿನವರು ಹಳೆಯ ಕಾಯ್ದೆಯ 44ಎಡಿ ಪದ್ಧತಿಯವರು. ವಹಿವಾಟಿನ ಶೇಕಡಾ 8 ಅಥವಾ 6ನ್ನು ಲಾಭವೆಂದು ಒಪ್ಪಿಕೊಂಡ ಮೇಲೆ ಸಂಬಳದ ಖರ್ಚಿಗೆ ಅಲ್ಲಿ ಬೇರೆ ಲೆಕ್ಕವೇ ಇಲ್ಲ. ಇನ್ನು ಶೇಕಡಾ 5ರ ಗಣಿತ: ಹನ್ನೆರಡು ಮಂದಿಯ ಅಕ್ಕಿ ಗಿರಣಿಯಲ್ಲಿ ಅದು ಅರ್ಧ ಆಳಿಗಿಂತ ತುಸು ಹೆಚ್ಚು. ದೊಡ್ಡ ಕಾರ್ಖಾನೆಗಳನ್ನು ಕಣ್ಣಿನ ಮುಂದಿಟ್ಟುಕೊಂಡು ದೆಹಲಿಯಲ್ಲಿ ಬರೆದ ಕಲಮು ನಮ್ಮ ತಾಲ್ಲೂಕುಗಳ ಬಸ್ ನಿಲ್ದಾಣದಲ್ಲಿ ಇಳಿಯುವುದೇ ಇಲ್ಲ. ನಮಗೆ ತಲುಪುವ ದಾರಿಗಳೆಂದರೆ ಎರಡೇ: ದುಡಿಮೆ ಬಂಡವಾಳದ ಸಾಲದ ಬಡ್ಡಿ, ಮತ್ತು ವಿದ್ಯುತ್ ಬಿಲ್ಲು. ಒಬ್ಬ ವಿಕಲಚೇತನರನ್ನು ಒಂದು ವರ್ಷ ಬ್ಯಾಂಕ್ ಖಾತೆಯ ಮೂಲಕ ಸಂಬಳ ಕೊಟ್ಟು ಇರಿಸಿಕೊಂಡ ಸಣ್ಣ ಘಟಕಕ್ಕೆ ಬಡ್ಡಿಯಲ್ಲಿ ಒಂದು ಅಂಶ ಇಳಿಸಿದರೆ ಅದು ಮೊದಲ ತಿಂಗಳಿನಿಂದಲೇ ಖಾತೆಯಲ್ಲಿ ಕಾಣುತ್ತದೆ. ಇದು ನನ್ನ ಸೂಚನೆ. ಇದಕ್ಕಿಂತ ಉತ್ತಮವಾದದ್ದು ಸದಸ್ಯರಿಗೆ ತೋರಿದರೆ ಹೇಳಲಿ.

ಸದನದಲ್ಲಿ ಸುಲಭವಾಗಿ ಚಪ್ಪಾಳೆ ಗಿಟ್ಟಿಸುವ ಇನ್ನೊಂದು ಬೇಡಿಕೆಯಿದೆ. ಗಾಲಿಕುರ್ಚಿಗೂ ತೆರಿಗೆಯೇ ಎಂಬುದು ಅದು. 2017ರಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿ, ಬ್ರೈಲ್ ಬೆರಳಚ್ಚು ಯಂತ್ರ ಮೊದಲಾದವುಗಳಿಗೆ ಶೇಕಡಾ 5 ನಿಗದಿಯಾಗಿ, ‘ನಡೆದಾಡುವುದಕ್ಕೆ ತೆರಿಗೆ’ ಎಂದು ದೇಶದಾದ್ಯಂತ ಆಕ್ಷೇಪವೆದ್ದಿತು. ಆಕ್ಷೇಪದ ಹಿಂದಿನ ನೋವು ನ್ಯಾಯವಾದದ್ದು. ಆದರೆ ತಯಾರಕರ ದೃಷ್ಟಿಯಿಂದ ನೋಡಿದರೆ, ಸಿದ್ಧ ವಸ್ತುವಿಗೆ ಪೂರ್ಣ ವಿನಾಯಿತಿ ಕೊಟ್ಟ ಕೂಡಲೇ ಉಕ್ಕಿನ ಕೊಳವೆ, ಗಾಲಿ, ಬೇರಿಂಗುಗಳ ಮೇಲೆ ಕಟ್ಟಿದ ತೆರಿಗೆಯ ಹುಟ್ಟುವಳಿ ಜಮೆ ಹೋಗುತ್ತದೆ. ಅದು ಬೆಲೆಯೊಳಗೇ ಅಡಗಿ ಕೂರುತ್ತದೆ. ಹೊರದೇಶದಿಂದ ಬಂದ ಕುರ್ಚಿಗೆ ಆ ಭಾರವಿಲ್ಲ. ಶೇಕಡಾ 5 ಇದ್ದರೆ ಹೆಚ್ಚಾದ ಜಮೆಯನ್ನು 54(3)ನೆಯ ಕಲಮಿನಲ್ಲಿ ಮರಳಿ ಪಡೆಯಬಹುದು. ಸರ್ಕಾರ ಅಂದು ಕೊಟ್ಟ ಈ ವಿವರಣೆಯನ್ನು ನಾನು ಒಪ್ಪುತ್ತೇನೆ. ಕೇಳಬೇಕಾದದ್ದು, ಕೊಂಡವರು ಕಟ್ಟಿದ ಶೇಕಡಾ 5ನ್ನು ಅವರ ಬ್ಯಾಂಕ್ ಖಾತೆಗೆ ಹಿಂದಿರುಗಿಸಿ ಎಂದು. ಹಾಗೆ ಮಾಡಿದರೆ ನಮ್ಮ ಜಿಲ್ಲೆಯ ಯಾವುದಾದರೂ ಕೈಗಾರಿಕಾ ವಸಾಹತಿನಲ್ಲಿ ಊರುಗೋಲು, ತ್ರಿಚಕ್ರ ವಾಹನಗಳ ತಯಾರಿಕೆಗೆ ಕೈಹಾಕುವವರಿಗೂ ಜಾಗವುಳಿಯುತ್ತದೆ. ಈಗ ಶಿಬಿರಗಳಿಗೆ ಬರುವ ಉಪಕರಣಗಳಲ್ಲಿ ಬಹುಪಾಲು 1972ರಲ್ಲಿ ಸ್ಥಾಪನೆಯಾದ ಕಾನ್ಪುರದ ಅಲಿಮ್ಕೊ ಸಂಸ್ಥೆಯವು. ಗಾಲಿಯ ಟ್ಯೂಬು ಒಡೆದರೆ ತಾಲ್ಲೂಕಿನಲ್ಲಿ ರಿಪೇರಿಯವರಿಲ್ಲದೆ ವಾಹನ ಮನೆಯ ಹಿತ್ತಲು ಸೇರುವುದನ್ನು ನಾವೆಲ್ಲ ಕಂಡಿದ್ದೇವೆ.

ಪಿಂಚಣಿಯ ವಿಚಾರವನ್ನು ಒಂದೇ ಅಂಕಿಯಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಶೇಕಡಾ 80ರಷ್ಟು ವೈಕಲ್ಯವಿರುವ ಬಡತನ ರೇಖೆಯ ಕೆಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ ರೂ. 300, 2012ರ ಅಕ್ಟೋಬರಿನಲ್ಲಿ ನಿಗದಿಯಾದದ್ದು. ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆಂಬುದು ಬೇರೆ ಮಾತು. ಮೊತ್ತವನ್ನು ಹೆಚ್ಚಿಸಬೇಕೆಂದು ಸಂಸತ್ತಿನದೇ ಸ್ಥಾಯಿ ಸಮಿತಿಯು ಮತ್ತೆ ಮತ್ತೆ ಶಿಫಾರಸು ಮಾಡಿದೆ. 2012ರಲ್ಲಿ ತಾವು ಗುಮಾಸ್ತರಿಗೆ ಎಷ್ಟು ಕೊಡುತ್ತಿದ್ದಿರಿ, ಈಗೆಷ್ಟು ಕೊಡುತ್ತಿದ್ದೀರಿ ಎಂದು ಹಳೆಯ ಪುಸ್ತಕ ತೆಗೆದು ನೋಡಿದರೆ ಸಾಕು.

ಹೆಸರಿನ ಬಗ್ಗೆ ಒಂದು ಮಾತು. ನಾನು ವೃತ್ತಿಗೆ ಬಂದಾಗ ಅಂಗವಿಕಲರು ಎನ್ನುತ್ತಿದ್ದರು. ಅನಂತರ ವಿಕಲಚೇತನರು ಎಂದಾಯಿತು. ಈಗ ಕೇಂದ್ರದ ಕಾಗದಗಳಲ್ಲಿ ದಿವ್ಯಾಂಗರು. ಚೇತನವೇ ವಿಕಲವೆನ್ನುವ ಪದ ಮೊದಲಿನದಕ್ಕಿಂತ ಹೇಗೆ ಮೇಲೋ ನನಗೆ ತಿಳಿಯದು. ಸರ್ಕಾರದ ಇಲಾಖೆಯ ಹೆಸರು ಅದೇ ಆದ್ದರಿಂದ ಬಳಸುತ್ತಿದ್ದೇನೆ. ಊರುಗೋಲು ಹಿಡಿದೇ ಸಂಸತ್ತಿನಲ್ಲಿ ದಶಕಗಳ ಕಾಲ ಮಾತನಾಡಿ, 1998ರಲ್ಲಿ ಉತ್ತಮ ಸಂಸದೀಯಪಟು ಪ್ರಶಸ್ತಿ ಪಡೆದ ತೆಲಂಗಾಣದ ಎಸ್. ಜೈಪಾಲ್ ರೆಡ್ಡಿಯವರ ವಿಷಯದಲ್ಲಿ ಜನ ನೆನೆಯುವುದು ಅವರ ವಾದದ ಹರಿತವನ್ನು.

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ ವಿಕಲಚೇತನರು 13.24 ಲಕ್ಷ. ಅವರು ಗಿರಾಕಿಗಳೂ ಹೌದು, ಕೆಲಸಗಾರರೂ ಹೌದು, ಅನೇಕರು ನಮ್ಮಂತೆಯೇ ಅಂಗಡಿಯವರು. ವಿಕಲಚೇತನರು ವ್ಯಾಪಾರ, ಉದ್ಯಮ ನಡೆಸಲು ರಿಯಾಯಿತಿ ದರದಲ್ಲಿ ನೀಡುವ ಭೂಮಿಯಲ್ಲಿ ಶೇಕಡಾ 5ರ ಮೀಸಲಾತಿಯನ್ನು ಕಾಯ್ದೆಯ 37ನೆಯ ಕಲಮೇ ಹೇಳುತ್ತದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅವರು ಹಾಕಬೇಕಾದ ಸ್ವಂತ ಬಂಡವಾಳ ಶೇಕಡಾ 10ರ ಬದಲು 5. ಗ್ರಾಮೀಣ ಪ್ರದೇಶದಲ್ಲಿ ಸಹಾಯಧನ ಶೇಕಡಾ 35. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ವೈಕಲ್ಯವಿರುವ ನೌಕರರಿಗೆ ರಾಜ್ಯದ ವೃತ್ತಿ ತೆರಿಗೆಯಿಂದ ವಿನಾಯಿತಿಯುಂಟು. ಆದರೂ ಪ್ರತಿ ತಿಂಗಳು ರೂ. 200 ಮುರಿದುಕೊಂಡಿರುವುದನ್ನು ಲೆಕ್ಕಪರಿಶೋಧನೆಯ ವೇಳೆ ನಾನೇ ಕಂಡಿದ್ದೇನೆ. ಮುರಿದವರಿಗೆ ದುರುದ್ದೇಶವಿರಲಿಲ್ಲ, ಕೇಳುವವರಿರಲಿಲ್ಲ.

ನಮ್ಮ ಸಂಘವು ಸಂಸದರಿಗೆ ಕೊಡುವ ಮನವಿಯಲ್ಲಿ ‘ವಿಕಲಚೇತನರಿಗೆ ನೆರವಾಗಬೇಕಾಗಿ ಕೋರಿಕೆ’ ಎಂಬ ಒಂದು ಸಾಲು ಇದ್ದರೆ ಪ್ರಯೋಜನವಿಲ್ಲ. ಅಂಥ ಕಾಗದ ಅವರ ಬಳಿ ಕಂತೆಗಟ್ಟಲೆ ಇದ್ದೀತು. 35ನೆಯ ಕಲಮಿನ ಪ್ರೋತ್ಸಾಹವು ಇಪ್ಪತ್ತಕ್ಕಿಂತ ಕಡಿಮೆ ಆಳುಗಳಿರುವ ಘಟಕಕ್ಕೆ ತಲುಪುವುದು ಹೇಗೆ ಎಂಬುದನ್ನು ನಮ್ಮ ನಾಲ್ಕು ತಾಲ್ಲೂಕುಗಳ ಲೆಕ್ಕದೊಂದಿಗೆ ಬರೆದುಕೊಟ್ಟರೆ ಅವರು ಅದನ್ನು ಪ್ರಶ್ನೆಯಾಗಿ ಕೇಳಬಹುದು. ಸಚಿವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಆ ಲೆಕ್ಕ ಈಗ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸದಸ್ಯರು ಮುಂದಿನ ಮಾಸಿಕ ಸಭೆಗೆ ಬರುವಾಗ ಒಂದು ಚೀಟಿಯಲ್ಲಿ, ತಮ್ಮಲ್ಲಿರುವ ಕೆಲಸಗಾರರ ಒಟ್ಟು ಸಂಖ್ಯೆ, ಅವರಲ್ಲಿ ವಿಕಲಚೇತನರೆಷ್ಟು, ಮಾಡುವ ಕೆಲಸವೇನು, ಅಂಗಡಿಯ ಬಾಗಿಲಿಗೆ ಮೆಟ್ಟಿಲೆಷ್ಟು ಎಂಬುದನ್ನು ಬರೆದು ತರಬೇಕಾಗಿ ವಿನಂತಿ. ಸಭೆ ಎಂದಿನಂತೆ ಮಹಡಿಯ ಮೇಲಿನ ಸಭಾಂಗಣದಲ್ಲಿ ಬೇಡ, ಕೆಳಗಿನ ಹಜಾರದಲ್ಲಿ ನಡೆಯಲಿ ಎಂದು ಕಾರ್ಯದರ್ಶಿಗಳಿಗೆ ಈಗಾಗಲೇ ಪತ್ರ ಬರೆದಿದ್ದೇನೆ. ಜಗಳೂರಿನ ಆ ಕಕ್ಷಿದಾರರೂ ಬರುವುದಾಗಿ ಹೇಳಿದ್ದಾರೆ.